ಪಿಟಿಟಿ (ಮಾತಾಡಲು ಒತ್ತುವ ಮೈಕ್ ಬಟನ್) ಒತ್ತಿದರೆ ಕಾರಿನ ಹ್ಯಾಮ್ ರೇಡಿಯೊ ಸೆಟ್ ಆಫ್ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಕಾರಿಗೆ 50 ವ್ಯಾಟಿನ 2 ಮೀಟರ್ ಬ್ಯಾಂಡ್ (145 ಮೆಗಾಹರ್ಟ್ಸ್ ಸುತ್ತಮುತ್ತಲಿನ) ಸೆಟ್ ಹಾಕಿದ್ದೇನೆ. ಪವರ್ ಸಿಗರೇಟ್ ಲೈಟರ್ ಸಾಕೆಟ್‌ನಿಂದ. ಕೇಳಿಸಿಕೊಳ್ಳಲು ತೊಂದರೆ ಇಲ್ಲ. ಹೈ ಪವರ್‌ನಲ್ಲಿ ಪಿಟಿಟಿ ಒತ್ತಿದರೆ ಸೆಟ್ ಆಫ್ ಆಗುತ್ತದೆ. ಲೋ ಪವರ್‌ನಲ್ಲಿ ಮಾತಾಡಿದರೆ, ಹಿಂದೆ ಕುಯ್ ಅಂತ ಸದ್ದು ಬರುತ್ತೆ ಅಂತಾರೆ. ಸೆಟ್ ಕೆಟ್ಟಿದೆಯಾ? 73 (ಹ್ಯಾಮ್‌ಗಳ ಶುಭಾಶಯ).

ಉತ್ತರ: ನಮಸ್ಕಾರ. ನಾನು ಮೊದಲು ಆಟೋ ಎಲೆಕ್ಟ್ರಿಷಿಯನ್, ಆಮೇಲೆ ಹ್ಯಾಮ್ (ಹವ್ಯಾಸಿ ರೇಡಿಯೊದವ). ಸೆಟ್ ಬಿಚ್ಚಬೇಡಿ, ತಪ್ಪು ವೈರಿನದ್ದು. ಕೇಳುವಾಗ ಸೆಟ್ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ. 50 ವ್ಯಾಟ್ ಬಿಡುವಾಗ 10ಕ್ಕಿಂತ ಜಾಸ್ತಿ ಬೇಕು. ಸಾಕೆಟ್‌ಗೆ ಹೋಗುವ ತೆಳು ವೈರಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಸೆಟ್ ಆಫ್ ಆಗುತ್ತದೆ. ವೈರ್ ಬಿಸಿಯಾಗುತ್ತದೆ, ಅದೇ ನನಗೆ ಭಯ.

ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆಯಿರಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ, ಸೆಟ್ ಹತ್ತಿರ ಮಾತ್ರ ಇದ್ದರೆ ಸಾಲದು. ನಡುವೆ ವೈರ್ ಸವೆದು ಕಾರಿನ ತಗಡಿಗೆ ತಾಗಿದರೆ ಬೆಂಕಿಯೇ. ತಗಡಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಹಾಕದೆ ವೈರ್ ತೂರಿಸಲೇಬೇಡಿ. ಈಚಿನ ಕೆಲವು ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಇರುತ್ತದೆ. ಅಂಥ ಕಾರಾದರೆ ನೆಗೆಟಿವ್ ವೈರನ್ನು ಟರ್ಮಿನಲ್‌ಗೆ ಕಟ್ಟದೆ, ಬ್ಯಾಟರಿಯ ಅರ್ಥ್ ಕೇಬಲ್ ಕಾರಿನ ತಗಡಿಗೆ ಸೇರುವ ಬೋಲ್ಟ್‌ಗೆ ಕೊಡಿ.

ಕುಯ್ ಸದ್ದು ಆಕ್ಸಿಲರೇಟರ್ ಒತ್ತಿದ ಹಾಗೆ ಏರುತ್ತದೆ, ಅಲ್ವಾ? ಅದು ಆಲ್ಟರ್ನೇಟರ್‌ದು. ನೇರ ವೈರಿಂಗ್ ಮಾಡಿದರೆ ಹೆಚ್ಚಿನ ಕಾರುಗಳಲ್ಲಿ ತುಂಬಾ ಕಡಿಮೆಯಾಗುತ್ತದೆ.

ಪ್ರಶ್ನೆ: ಹೊಸ ವೈರ್ ಹಾಕಿದೆ, ಈಗ ಆಫ್ ಆಗ್ತಿಲ್ಲ! ತುಂಬಾ ಥ್ಯಾಂಕ್ಸ್ ಸರ್. ಆದರೆ ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯುವಾಗ ಯಾರೂ ಸಿಗಲಿಲ್ಲ. ಆಂಟೆನಾ ಡಿಕ್ಕಿ ಅಂಚಿಗೆ ಕಚ್ಚಿಸಿದ್ದೇನೆ.

ಉತ್ತರ: ಘಾಟ್‌ನಲ್ಲಿ ಗುಡ್ಡ ಅಡ್ಡ ಬಂದರೆ 145 ಮೆಗಾಹರ್ಟ್ಸ್ ಸಿಗ್ನಲ್ ಬಗ್ಗಿ ಬರುವುದು ಕಡಿಮೆ. ಪವರ್ ಏರಿಸಿ ಹೆಚ್ಚು ಲಾಭವಿಲ್ಲ. ಹೇಗಿದ್ದರೂ ಲೈಸೆನ್ಸ್‌ನ ಪವರ್ ಮಿತಿ ದಾಟಬಾರದು. ಆದರೆ ಆಂಟೆನಾ ಜಾಗ ಬದಲಿಸಿ. ಕ್ವಾರ್ಟರ್ ವೇವ್ (ಅಲೆಯ ಉದ್ದದ ಕಾಲುಭಾಗದ) ಆಂಟೆನಾದ ಕಡ್ಡಿ ಸುಮಾರು 49 ಸೆಂಟಿಮೀಟರ್. ಅದು ಅರ್ಧ ಆಂಟೆನಾ ಮಾತ್ರ, ಇನ್ನರ್ಧ ಕೆಳಗಿನ ತಗಡು. ಮ್ಯಾಗ್ನೆಟ್ ಮೌಂಟ್ ತಂದು ಛಾವಣಿಯ ನಟ್ಟನಡುವೆ ಇಡಿ, ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್‌ಗೆ ಎಷ್ಟು ಹೊಂದಿದೆ ಎಂಬ ಅಳತೆ) ನೋಡಿ. 1.5ರ ಒಳಗಿದ್ದರೆ ನೆಮ್ಮದಿ.

ಇನ್ನೊಂದು ಮಾತು. ಘಾಟ್ ತಿರುವಿನಲ್ಲಿ ಮೈಕ್ ಹಿಡಿಯಬೇಡಿ. ಗಾಡಿ ನಿಲ್ಲಿಸಿ ಮಾತಾಡಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಮತ್ತೊಬ್ಬರು: ನನ್ನ ಹತ್ತಿರ 5 ವ್ಯಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಇದೆ. ಕಾರೊಳಗಿಂದ ಅದೇ ಸಾಲದಾ ಸರ್?

ಉತ್ತರ: ಸುತ್ತ ತಗಡು, ಸಿಗ್ನಲ್ ಹೊರಗೆ ಹೋಗುವುದೇ ಕಷ್ಟ. ಅದೇ ಹ್ಯಾಂಡಿಗೆ ಛಾವಣಿಯ ಆಂಟೆನಾ ಕೊಟ್ಟು ನೋಡಿ, ಅಚ್ಚರಿಯಾಗುತ್ತೆ. ಅಡಾಪ್ಟರ್ ಬೇಕಾಗುತ್ತದೆ. ಕೊಳ್ಳುವ ಮುಂಚೆ ಹ್ಯಾಂಡಿ ತಲೆ ಮೇಲಿನ ಎಸ್‌ಎಂಎ ಕನೆಕ್ಟರ್‌ನಲ್ಲಿ (ಆಂಟೆನಾ ತಿರುಗಿಸಿ ಕೂರಿಸುವ ಜಾಗ) ಪಿನ್ ಇದೆಯೋ ತೂತಿದೆಯೋ ನೋಡಿಕೊಳ್ಳಿ, ಎರಡೂ ಥರ ಬರುತ್ತವೆ.