ಮರು: 'ಎಂಡ್‌ಪಾಯಿಂಟ್'ಗೆ ಕನ್ನಡ ಪದ (ಸೋಮವಾರದೊಳಗೆ ಬೇಕು)

> ನಮ್ಮ ಹೂಟಗಳ್ಳಿ ಕಾರ್ಖಾನೆಯ ಕಂಪ್ಯೂಟರ್‌ಗಳಿಗೆಲ್ಲ ಎಂಡ್‌ಪಾಯಿಂಟ್ ಸೆಕ್ಯುರಿಟಿ ಬರುತ್ತಿದೆ. ಸೋಮವಾರ ನೋಟಿಸ್ ಹಾಕಬೇಕು. 'ಅಂತ್ಯಬಿಂದು ಭದ್ರತಾ ತಂತ್ರಾಂಶ ನಿಯೋಜನೆ' ಸರಿಯೇ?

ಸರಿಯಿಲ್ಲ ಸರ್. 'ಅಂತ್ಯಬಿಂದು' ಬೇಡವೇ ಬೇಡ. ಅಂತ್ಯ ಅಂದ ಕೂಡಲೇ ಅಂತ್ಯಕ್ರಿಯೆ ನೆನಪಾಗುತ್ತದೆ. ಇಲ್ಲಿ ಏನೂ ಮುಗಿಯುತ್ತಿಲ್ಲ. ಎಂಡ್‌ಪಾಯಿಂಟ್ ಅಂದರೆ ಸ್ಟೋರ್ಸ್‌ನ ಕಂಪ್ಯೂಟರ್, ಮ್ಯಾನೇಜರ್ ಲ್ಯಾಪ್‌ಟಾಪ್, ಫೋನು. ಜನರ ಕೈಗೆ ನೆಟ್‌ವರ್ಕ್ ಸಿಗುವ ಜಾಗ ಇವು. ಅದಕ್ಕೆ 'ತುದಿ' ಇದೆಯಲ್ಲ! ತೆಲುಗರಿಗೂ ತುದಿ ತುದಿಯೇ, ಸಂಸ್ಕೃತದ ಹಂಗಿಲ್ಲ. ಬೆರಳ ತುದಿ, ನಾಲಗೆಯ ತುದಿ. ಮುಟ್ಟಿದ್ದು, ತಿಂದದ್ದು ಮೊದಲು ತಿಳಿಯುವುದೇ ಅಲ್ಲಿ. 'ತುದಿಯಂತ್ರ' ಅನ್ನಿ.

ನಾನು ಮಂಡ್ಯದವನು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಮದ್ದೂರು, ಮಳವಳ್ಳಿ ಕಡೆಯವರು ಕೇಳುವುದು 'ಕೊನೆ ಭಾಗಕ್ಕೆ ನೀರು ಬಂತಾ' ಅಂತ. ಅಂತ್ಯಭಾಗ ಅಂದವರನ್ನು ನಾನು ಕಂಡಿಲ್ಲ. ಆದರೆ ಕೊನೆ ಅಂದರೆ ಸರದಿಯಲ್ಲಿ ಕಡೆಯದು. ನೆಟ್‌ವರ್ಕಿನಲ್ಲಿ ಅಂಥ ಸರದಿ ಇಲ್ಲ. ಹಾಗಾಗಿ ತುದಿಯೇ ಸರಿ.

'ನಿಯೋಜನೆ' ದಸರಾ ಬಂದೋಬಸ್ತಿನ ಪೊಲೀಸರಿಗೆ ಇರಲಿ. ಸಾಫ್ಟ್‌ವೇರ್ ಹಾಕುತ್ತೇವೆ, ಅಷ್ಟೇ. ತಲೆಬರಹಕ್ಕೆ ಬೇಕಾದರೆ 'ಅಳವಡಿಕೆ'.

ಇನ್ನು, ಎಲ್ಲವೂ ಅಚ್ಚಗನ್ನಡವೇ ಆಗಲಿ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಒಪ್ಪುವುದಿಲ್ಲ. ಅವರ ಮೇಲ್‌ನಲ್ಲೇ 'ಅರ್ಜಿ' ಇದೆ, 'ಜಮೀನು' ಇದೆ. ಒಂದು ಅರಬ್ಬಿ, ಇನ್ನೊಂದು ಫಾರಸಿ. ನಾನೀಗ ತೆಗೆಯುತ್ತಿರುವ ತಕರಾರೂ ಅರಬ್ಬಿಯಿಂದ ಬಂದ ಪದವೇ. ಆಡಿ ಆಡಿ ನಮ್ಮದಾಯಿತು. ಸೆಕ್ಯುರಿಟಿ, ರೀಸ್ಟಾರ್ಟ್ ಕೂಡ ಹಾಗೇ ಆಗಿವೆ. ಯಾರ ಬಾಯಲ್ಲೂ ಇಲ್ಲದ ಪದವನ್ನು ಸುಮ್ನೆ ಬೋರ್ಡಿಗೆ ಬರೆದರೆ ನಷ್ಟ ಜಾಸ್ತಿ. ನಮ್ಮ ಆಫೀಸಿನಲ್ಲಿ ಇಂಥದೇ ನೋಟಿಸ್ ಹಾಕಿದ್ದರು. ಸ್ಟೋರ್ಸ್‌ನವರು ನಿಂತು ಓದಿದರು, ಸಂಜೆ ಎಂದಿನಂತೆ ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋದರು. ಆಫ್ ಆದ ಯಂತ್ರಕ್ಕೆ ಸಾಫ್ಟ್‌ವೇರ್ ಇಳಿಯುವುದು ಹೇಗೆ? ಮರುದಿನ ಹುಡುಗರು ಒಂದೊಂದು ಮೇಜಿಗೂ ಪೆನ್‌ಡ್ರೈವ್ ಹಿಡಿದು ಅಲೆದರು.

ಹೀಗೆ ಬರೆಯಿರಿ:

'ತುದಿಯಂತ್ರಗಳ ಭದ್ರತೆ. ಇಂದು ಸಂಜೆ ನಿಮ್ಮ ಕಂಪ್ಯೂಟರ್‌ನ ಹಳೆಯ ಆಂಟಿವೈರಸ್ ತೆಗೆದು ಹೊಸ ಸೆಕ್ಯುರಿಟಿ ಸಾಫ್ಟ್‌ವೇರ್ ಹಾಕುತ್ತೇವೆ. ಕೆಲಸ ಸೇವ್ ಮಾಡಿ. ಕಂಪ್ಯೂಟರ್ ಆಫ್ ಮಾಡಬೇಡಿ, ಲಾಗ್‌ಔಟ್ ಆಗಿ ಹೋಗಿ. ಅದು ತಾನೇ ರೀಸ್ಟಾರ್ಟ್ ಆಗುತ್ತದೆ.'

ಹಳೆಯದನ್ನು ತೆಗೆಯುವ ಸಾಲು ಬಿಡಬೇಡಿ. ಎರಡು ಆಂಟಿವೈರಸ್ ಒಟ್ಟಿಗಿದ್ದರೆ ಒಂದಕ್ಕೊಂದು ಅಡ್ಡ ಬಂದು ಯಂತ್ರ ತೆವಳುತ್ತದೆ. ಆಗ ಜನ ಬೈಯುವುದು ಹೊಸದನ್ನೇ.