ಸಹಾಯ ಬೇಕು: ಚಿಮಣಿಯ ಕ್ರಿಯೋಸೋಟ್ (ಸೌದೆ ಹೊಗೆಯಿಂದ ಒಳಗೆ ಕಟ್ಟುವ ಪದರ) ಬ್ರಷ್‌ಗೆ ಜಗ್ಗುತ್ತಿಲ್ಲ

ಸೌದೆ ಒಲೆಯ ಚಿಮಣಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಕೆಳಗಡೆ ಬರೀ ಪುಡಿ ಮಸಿ, ಬ್ರಷ್ ಆಡಿಸಿದ ಕೂಡಲೇ ಉದುರಿತು. ಮೇಲೆ, ಹೊಗೆ ತಣ್ಣಗಾಗುವ ಜಾಗದಲ್ಲಿ, ಡಾಂಬರು ಬಳಿದ ಹಾಗೆ ಕಪ್ಪಗೆ ಹೊಳೆಯುವ ಪದರ. ಸ್ಕ್ರೂಡ್ರೈವರ್‌ನಿಂದ ಕೆರೆದರೂ ಗೀರು ಬಿತ್ತೇ ಹೊರತು ಏಳಲಿಲ್ಲ. ದಪ್ಪ 3 ಮಿ.ಮೀ.ಗಿಂತ ಜಾಸ್ತಿಯೇ ಇದೆ.

ತಪ್ಪು ನನ್ನದೇ. ಸರಿಯಾಗಿ ಒಣಗದ ಸೌದೆ ತುಂಬಿ, ಬೆಳಗಿನವರೆಗೂ ಬರಲಿ ಅಂತ ಗಾಳಿಕಿಂಡಿ ಮುಚ್ಚಿಡುತ್ತಿದ್ದೆ. ಉರಿಯೋದೆಲ್ಲಿ ಬಂತು, ಸುಮ್ನೆ ಹೊಗೆಯಾಡುತ್ತಿತ್ತು.

ಈಗ ಒಲೆ ಹಚ್ಚುವುದನ್ನೇ ನಿಲ್ಲಿಸಿದ್ದೇನೆ. ‘ಜೋರಾಗಿ ಉರಿಸಿ, ಸುಟ್ಟುಹೋಗುತ್ತೆ’ ಅಂದರು ಒಬ್ಬರು. ಚಿಮಣಿಗೇ ಬೆಂಕಿ ಹತ್ತಿದರೆ ಮುಗೀತು ಅಲ್ವಾ? ಅದನ್ನಂತೂ ಮಾಡಲ್ಲ.

ಇಂಥ ಗಟ್ಟಿ ಪದರಕ್ಕೆ ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸುವ ಸರಪಳಿ ಬಳಸಿದವರು ಯಾರಾದರೂ ಇದ್ದೀರಾ? ಒಳಗಿನ ಸ್ಟೀಲ್ ಪೈಪ್‌ಗೆ ಪೆಟ್ಟಾಗುತ್ತಾ? ಇಲ್ಲಾ ಪೈಪನ್ನೇ ಬದಲಾಯಿಸಬೇಕಾ?