ಮಿಲ್ಲಿಂಗ್ ಮೆಷಿನ್: ಗಿಬ್, ಬ್ಯಾಕ್‌ಲ್ಯಾಶ್, ಎಣ್ಣೆ ಪ್ರಶ್ನೋತ್ತರ

ಹೊಸಬ: ಸರ್, ಟೇಬಲ್ ಗಿಬ್ ಎಷ್ಟು ಟೈಟ್ ಇರಬೇಕು?

ಫಿಟ್ಟರ್: ಗಿಬ್ ಅಂದರೆ ಟೇಬಲ್ ಮತ್ತು ಅದು ಜಾರುವ ಸ್ಲೈಡ್ ನಡುವೆ ಕೂರುವ ಲೋಹದ ಪಟ್ಟಿ. ಮೊದಲು ಒರೆಸಿ, ಎಣ್ಣೆ ಬಿಡಿ. ಟೇಪರ್ ಗಿಬ್ (ಒಂದು ತುದಿ ಸಣ್ಣ, ಇನ್ನೊಂದು ದಪ್ಪ) ಆದರೆ ಸಣ್ಣ ತುದಿಯ ಸ್ಕ್ರೂ ಸಡಿಲಿಸಿ. ದಪ್ಪ ತುದಿಯದನ್ನು ಹ್ಯಾಂಡಲ್ ಸ್ವಲ್ಪ ಭಾರ ಆಗುವ ತನಕ ಚೂರುಚೂರೇ ತಿರುಗಿಸಿ. ಆಮೇಲೆ ಕೊಂಚ ಹಿಂದೆ ತಂದು ಸಣ್ಣ ತುದಿಯದನ್ನು ಬಿಗಿ ಮಾಡಿ.

ರಾತ್ರಿ ಪಾಳಿ: ಅಣ್ಣ, ನಿನ್ನೆ ಕಟರ್ ಹಲ್ಲು ಸಾಗುವ ದಿಕ್ಕಿಗೇ ಟೇಬಲ್ ಸರಿಸಿ ಫೀಡ್ ಕೊಟ್ಟಿದ್ದೆ. ಟೇಬಲ್ ದಡಕ್ಕನೆ ಜಿಗಿದು 12 ಎಂಎಂ ಎಂಡ್ ಮಿಲ್ ಕಟರ್ ಮುರಿಯಿತು. ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದರೆ ಡಯಲ್‌ನಲ್ಲಿ 0.6 ಎಂಎಂ ಖಾಲಿ ಹೋಗುತ್ತದೆ. ಗಿಬ್ ಬಿಗಿ ಮಾಡಿದರೂ ಅಷ್ಟೇ.

ಫಿಟ್ಟರ್: ಕೈಗೆ ಏನೂ ಆಗಲಿಲ್ಲ ತಾನೇ? ಇದು ಸಣ್ಣ ವಿಷಯ ಅಲ್ಲ. ಆ 0.6 ಎಂಎಂ ಖಾಲಿ ಜಾಗವೇ ಬ್ಯಾಕ್‌ಲ್ಯಾಶ್, ಅಷ್ಟೂ ದೂರ ಕಟರ್ ಟೇಬಲನ್ನು ಎಳೆದುಕೊಂಡಿದೆ. ಸರಿ ಆಗುವ ತನಕ ಹಲ್ಲಿಗೆ ಎದುರಾಗಿಯೇ ಫೀಡ್ ಕೊಡಿ. ಗಿಬ್ ಬಿಗಿ ಮಾಡಿದರೆ ಟೇಬಲ್ ಭಾರ ಆಗುತ್ತದೆ, ಟೇಬಲ್ ಸರಿಸುವ ಸ್ಕ್ರೂ ಮತ್ತು ಅದರ ನಟ್ ನಡುವಿನ ಜಾಗ ಹಾಗೇ ಇರುತ್ತದೆ.

ಮೋಟಾರ್ ಆಫ್ ಮಾಡಿ. ಡಯಲ್ ಮತ್ತು ಟೇಬಲ್ ತುದಿಯ ಬ್ರಾಕೆಟ್ ಸೇರುವ ಸಂದಿಯ ಮೇಲೆ ಬೆರಳಿಡಿ. ಇನ್ನೊಬ್ಬರು ಟೇಬಲನ್ನು ಉದ್ದಕ್ಕೆ ತಳ್ಳಿ ಎಳೆಯಲಿ. ಸಂದಿ ತೆರೆದು ಮುಚ್ಚಿದರೆ ತುದಿಯ ಬೇರಿಂಗ್ ಸಡಿಲ. ಸಂದಿ ಅಲ್ಲಾಡದೆ ಟೇಬಲ್ ಸ್ಕ್ರೂ ಸಮೇತ ಸರಿದರೆ ನಟ್ ಸವೆದಿದೆ. ಎರಡು ತುಂಡಿನ ನಟ್ ಆದರೆ ಅಡ್ಜಸ್ಟ್ ಮಾಡಬಹುದು. ಆದರೆ ಸ್ಕ್ರೂ ಮಧ್ಯದಲ್ಲೇ ಜಾಸ್ತಿ ಸವೆಯುವುದು. ಮಧ್ಯಕ್ಕೆ ಸರಿಮಾಡಿದರೆ ತುದಿಗಳಲ್ಲಿ ಹಿಡಿದುಕೊಳ್ಳುತ್ತದೆ. ತುದಿಯಲ್ಲೂ ಸಲೀಸಾಗಿ ಓಡುವಷ್ಟಕ್ಕೇ ನಿಲ್ಲಿಸಿ.

ಫಾರ್ವರ್ಡ್ ಬಂದಿದ್ದು: ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಟೇಬಲ್ ಓಡಿಸಿದರೆ ತಾನೇ ಕೂರುತ್ತದೆ, ಎಲ್ಲರಿಗೂ ಕಳಿಸಿ.

ಫಿಟ್ಟರ್: ದಯವಿಟ್ಟು ಯಾರೂ ಮಾಡಬೇಡಿ, ಯಾರಿಗೂ ಕಳಿಸಬೇಡಿ. ಆ ಪೇಸ್ಟ್‌ನ ಉಜ್ಜುವ ಹರಳು ಲೋಹದೊಳಗೆ ಕಚ್ಚಿಕೊಂಡು ಕೂರುತ್ತದೆ. ಒರೆಸಿದರೂ ಹೋಗುವುದಿಲ್ಲ. ಮುಂದೆ ಪ್ರತಿ ಸಲ ಟೇಬಲ್ ಓಡಿಸಿದಾಗಲೂ ಉಜ್ಜುತ್ತಲೇ ಇರುತ್ತದೆ.

ಟೂಲ್‌ರೂಮ್: ನಾನು ಸ್ಲೈಡ್‌ಗೆ ಗ್ರೀಸ್ ಹಾಕುತ್ತೇನೆ. ತಿಂಗಳುಗಟ್ಟಲೆ ನಿಲ್ಲುತ್ತದೆ.

ಹಳೇ ಟರ್ನರ್: ಗ್ರೀಸ್ ನಿಲ್ಲುತ್ತದೆ, ಅದರ ಜೊತೆ ಲೋಹದ ಚಿಪ್ಸೂ ನಿಲ್ಲುತ್ತದೆ. 68 ಗ್ರೇಡ್ (ಎಣ್ಣೆ ಎಷ್ಟು ದಪ್ಪ ಎಂಬ ಅಳತೆ) ಸ್ಲೈಡ್ ಎಣ್ಣೆ ಹಾಕಿ.

ಟೂಲ್‌ರೂಮ್: ನನ್ನ ಮೆಷಿನ್ ಚೆನ್ನಾಗೇ ಓಡ್ತಿದೆ.

ಹಳೇ ಟರ್ನರ್: ಟೇಬಲ್ ಬಿಚ್ಚಿ ಎಣ್ಣೆ ಹರಿಯುವ ಕಾಲುವೆ ನೋಡಿದ್ದೀರಾ? ಮುಚ್ಚಿಹೋಗಿರುತ್ತೆ.

ಟೂಲ್‌ರೂಮ್: ನೀವು ನಿಮ್ಮ ಮೆಷಿನ್ ನೋಡಿಕೊಳ್ಳಿ.



ಇನ್ನೊಬ್ಬ ಹೊಸಬ: ಸರ್, ಗಿಬ್ ಎಷ್ಟು ಟೈಟ್ ಮಾಡಬೇಕು?

ಫಿಟ್ಟರ್: ಮೊದಲ ಉತ್ತರ ಓದಿ.

ಇನ್ನೊಬ್ಬ ಹೊಸಬ: ಒಂದು ಸಾಲಲ್ಲಿ ಹೇಳಬಹುದಿತ್ತಲ್ವಾ?

ಫಿಟ್ಟರ್: ಹೇಳಿದ್ದೇನೆ. ಮೇಲೆ ಹೋಗಿ ನೋಡಿ. ಗ್ರೀಸ್ ಜಗಳ ಇಲ್ಲಿಗೆ ಸಾಕು, ಎಣ್ಣೆಯೇ ಹಾಕಿ.

ರಾತ್ರಿ ಪಾಳಿ: ಅಣ್ಣ, ಬೆರಳಿಟ್ಟು ನೋಡಿದೆ. ಸಂದಿ ಕಚಕ್ ಕಚಕ್ ಅಂತ ತೆರೆದು ಮುಚ್ಚುತ್ತಿದೆ.

ಫಿಟ್ಟರ್: ಹಾಗಾದರೆ ಸ್ಕ್ರೂ ನಟ್ ಈಗಲೇ ಮುಟ್ಟಬೇಡಿ. ತುದಿಯ ಲಾಕ್ ನಟ್ ಸಡಿಲ ಆಗಿರಬೇಕು. ಬೇರಿಂಗ್ ಬಿಚ್ಚಿ ಗುಂಡು ನೋಡಿ, ಚೆನ್ನಾಗಿದ್ದರೆ ಬಿಗಿ ಮಾಡಿ ಮತ್ತೆ ಅಳೆಯಿರಿ. ಎಷ್ಟು ಬಂತು ಬರೆಯಿರಿ, ಕಾಯುತ್ತಿರುತ್ತೇನೆ.